ಸ್ಟಾರ್‌ಫೀಲ್ಡ್ ಕಥೆ ಮುಗಿಯುವ ಹೊತ್ತಿಗೆ ಬೇಸರ ಬಂದಿದೆ, ಮುಂದೇನು?

ಪ್ರಶ್ನೆ: ನಮಸ್ಕಾರ. ಮಂಡ್ಯದಲ್ಲಿ ಮನೆ, ಮೈಸೂರಿನಲ್ಲಿ ಕೆಲಸ. ವಾರವೆಲ್ಲ ರೈಲಿನ ಓಡಾಟ, ಹಾಗಾಗಿ ಶನಿವಾರ ರಾತ್ರಿ ಮತ್ತು ಭಾನುವಾರ ಮಧ್ಯಾಹ್ನ ಮಾತ್ರ ಸ್ಟಾರ್‌ಫೀಲ್ಡ್ ಎಂಬ ಬಾಹ್ಯಾಕಾಶದ ಕಂಪ್ಯೂಟರ್ ಆಟ ಆಡುತ್ತೇನೆ. 60 ಗಂಟೆ ಆಗಿದೆ. ಮುಖ್ಯ ಕಥೆಯನ್ನು ಅದರ ಕೊನೆಯ ಹೆಜ್ಜೆಯಾದ ಯೂನಿಟಿಯ ಬಾಗಿಲಿನವರೆಗೆ ತಂದು ನಿಲ್ಲಿಸಿದ್ದೇನೆ. ಈಗ ಯಾವ ಗ್ರಹದಲ್ಲಿ ಇಳಿದರೂ ಅದೇ ಕಟ್ಟಡ, ಅದೇ ಶತ್ರುಗಳು. ದುಡ್ಡು ಬೇಕಾದಷ್ಟಿದೆ, ಖರ್ಚಿಗೆ ದಾರಿಯಿಲ್ಲ. ಗ್ರಹಗಳ ಮೇಲೆ ಔಟ್‌ಪೋಸ್ಟ್, ಅಂದರೆ ಗಣಿ ಮತ್ತು ತಯಾರಿಕೆಯ ನೆಲೆ, ಕಟ್ಟಿದ್ದೆ, ಸರಕು ಸಾಗಣೆ ಪದೇ ಪದೇ ನಿಂತುಹೋಗಿದ್ದರಿಂದ ಕೈಬಿಟ್ಟೆ. ಯೂನಿಟಿ ದಾಟಲೇ, ಆಟವನ್ನು ಬದಲಿಸುವ ಮಾಡ್ ಹಾಕಲೇ, ಇಲ್ಲ ಆಟವನ್ನೇ ತೆಗೆದುಬಿಡಲೇ? ಜೊತೆಗೆ ನ್ಯೂ ಅಟ್ಲಾಂಟಿಸ್‌ನಲ್ಲಿ ಆಟ ತಡವರಿಸುತ್ತದೆ. ರೈಜೆನ್ 5 5600, ಆರ್‌ಟಿಎಕ್ಸ್ 3060, 16 ಜಿಬಿ ರ್‍ಯಾಮ್, 512 ಜಿಬಿ ಎಸ್‌ಎಸ್‌ಡಿ. ಕರೆಂಟ್ ಹೋಗಿ ಒಮ್ಮೆ ಸೇವ್ ಕೂಡ ಕೆಟ್ಟಿದೆ.

ಉತ್ತರ: ಯೂನಿಟಿಯನ್ನು ಈಗಲೇ ದಾಟಬೇಡಿ, ಮಾಡ್‌ಗಳನ್ನೂ ಈಗಲೇ ಹಾಕಬೇಡಿ. ನಿಮ್ಮ ಬೇಸರಕ್ಕೆ ಎರಡೂ ಮದ್ದಲ್ಲ. ನಿಜವಾದ ಕಾರಣ ನೀವೇ ಬರೆದಿದ್ದೀರಿ: ದುಡ್ಡು ಬೇಕಾದಷ್ಟಿದೆ, ಖರ್ಚಿಗೆ ದಾರಿಯಿಲ್ಲ. ಸ್ಟಾರ್‌ಫೀಲ್ಡ್ ಆಡುವವರಿಗೆ ಯಾವುದರಲ್ಲೂ ಕೊರತೆ ಮಾಡುವುದಿಲ್ಲ. ಒಂದು ನಕ್ಷತ್ರದಿಂದ ಇನ್ನೊಂದಕ್ಕೆ ಹಾರುವ ಜಂಪ್‌ಗೆ ಬಳಸಿದ ಇಂಧನ ತಾನಾಗಿ ತುಂಬಿಕೊಳ್ಳುತ್ತದೆ. ಹಸಿವಿಲ್ಲ, ಬಾಯಾರಿಕೆಯಿಲ್ಲ. ನಕ್ಷೆ ತೆರೆದು ಒತ್ತಿದರೆ ಇನ್ನೊಂದು ನಕ್ಷತ್ರದ ನೆಲದ ಮೇಲೆ ನಿಂತಿರುತ್ತೀರಿ, ಹಾಗಾಗಿ ದೂರವೂ ಇಲ್ಲ. ಏನೂ ಕಡಿಮೆ ಬೀಳದ ಕಡೆ ಯಾವ ಆಯ್ಕೆಗೂ ಬೆಲೆಯಿಲ್ಲ. ಈ ಆಟವನ್ನು ವರ್ಷಗಟ್ಟಲೆ ಆಡುವವರು ಆ ಕೊರತೆಯನ್ನು ತಾವೇ ವಾಪಸ್ ತಂದುಕೊಂಡು, ಒಂದು ಕಸುಬು ಹಿಡಿದು ಆಡುತ್ತಾರೆ. ಅದಕ್ಕೆ ಬೇಕಾದ ಸೌಲಭ್ಯ 2024ರ ಮೇ ಅಪ್‌ಡೇಟ್‌ನಿಂದ ಆಟದೊಳಗೇ ಇದೆ.

ಮುಂದೆ ಬರೆಯುವುದರಲ್ಲಿ ಕಥೆಯ ಕೊನೆಯ ಸುಳಿವುಗಳಿವೆ. ಕಥೆ ಮುಗಿಸದವರು ಯೂನಿಟಿಯ ಭಾಗ ಬಿಟ್ಟು ಓದಬಹುದು.

ಅದೇ ಕಟ್ಟಡ ಏಕೆ ಬರುತ್ತದೆ

ನಿಮ್ಮ ದೂರು ನಿಜ. ಆಟ ತಯಾರಿಸಿದ ಬೆಥೆಸ್ಡಾ ಕಂಪನಿ 2023ರ ಸೆಪ್ಟೆಂಬರ್ 6ರಂದು ಆಟ ಬಿಡುಗಡೆ ಮಾಡುವಾಗ ಸಾವಿರಕ್ಕೂ ಹೆಚ್ಚು ಗ್ರಹಗಳಿವೆ ಎಂದಿತ್ತು, ಇವೆ ಕೂಡ. ಆದರೆ ಅಷ್ಟು ನೆಲವನ್ನು ಯಾರೂ ಕೈಯಿಂದ ಮಾಡಿಲ್ಲ. ನೀವು ಇಳಿದ ಜಾಗದ ಸುತ್ತ ಗುಡ್ಡ, ಕಲ್ಲು, ಗಿಡಗಳನ್ನು ಕಂಪ್ಯೂಟರ್ ಹರಡುತ್ತದೆ. ಆಮೇಲೆ ಮೊದಲೇ ಮಾಡಿಟ್ಟ ಕಟ್ಟಡಗಳ ಸಂಗ್ರಹದಿಂದ ಕೆಲವನ್ನು ಆರಿಸಿ ಅಲ್ಲಲ್ಲಿ ಇಡುತ್ತದೆ. ಸಂಗ್ರಹ ಸಣ್ಣದು. ಕೈಬಿಟ್ಟ ಕ್ರಯೋ ಲ್ಯಾಬ್ ಮೊದಲ ಸಲ ಸಿಕ್ಕಾಗ ಹಿಮಗಟ್ಟಿದ ಕಾರಿಡಾರುಗಳು, ಅಲ್ಲಿನ ಕಂಪ್ಯೂಟರ್‌ಗಳಲ್ಲಿ ಉಳಿದ ಬರಹ ಎಲ್ಲವೂ ಚೆನ್ನಾಗಿ ಮನಸ್ಸಿಗೆ ನಾಟುತ್ತವೆ. ಎರಡನೇ ಸಲ ಬೇರೆ ಗ್ರಹದಲ್ಲಿ ಸಿಕ್ಕಾಗ ಶವ ಅದೇ ಮೂಲೆಯಲ್ಲಿ, ಚೀಟಿ ಅದೇ ಮೇಜಿನ ಮೇಲೆ. ಅಲ್ಲಿಗೆ ನಂಬಿಕೆ ಮುರಿಯುತ್ತದೆ.

ಇದಕ್ಕೆ ಪರಿಹಾರ ಆಡುವ ಕ್ರಮದಲ್ಲಿದೆ. ಸ್ಕ್ಯಾನರ್‌ನಲ್ಲಿ ಗುರುತು ಕಂಡಿತೆಂಬ ಒಂದೇ ಕಾರಣಕ್ಕೆ ಯಾವ ಕಟ್ಟಡಕ್ಕೂ ಹೋಗಬೇಡಿ. ಮಿಷನ್ ಕರೆದರೆ ಹೋಗಿ, ನಿಮ್ಮ ಕಸುಬಿಗೆ ಬೇಕಾದರೆ ಹೋಗಿ, ಉಳಿದದ್ದನ್ನು ಬಿಟ್ಟು ನಡೆಯಿರಿ. ಕೈಯಿಂದ ಮಾಡಿದ ಸರಕು ಎಲ್ಲಿದೆಯೋ ಅಲ್ಲಿ ನಿಧಾನಿಸಿ. ಜೆಮಿಸನ್‌ನ ನ್ಯೂ ಅಟ್ಲಾಂಟಿಸ್, ಚೆಯೆನ್ ಮಂಡಲದ ಅಕಿಲಾ ಸಿಟಿ, ವೋಲಿಯ ನಿಯಾನ್, ಮಂಗಳದ ಸಿಡೋನಿಯಾ ಈ ನಾಲ್ಕರಲ್ಲಿ ದಾರಿಯಲ್ಲಿ ಮಾತಾಡುವವರ ಹತ್ತಿರ ನಿಂತು ಕೇಳಿದರೆ ಸಣ್ಣ ಸಣ್ಣ ಕೆಲಸಗಳು ತಾನಾಗಿ ಪಟ್ಟಿಗೆ ಸೇರುತ್ತವೆ. ಡೈಲಾಗ್ ಸಬ್‌ಟೈಟಲ್ ಜೊತೆಗೆ ಸಾಮಾನ್ಯ ಸಬ್‌ಟೈಟಲ್ ಕೂಡ ಆನ್ ಮಾಡಿ. ಜನ ತಮ್ಮತಮ್ಮಲ್ಲೇ ಆಡುವ ಮಾತು ಆಗ ತಪ್ಪಿಹೋಗುವುದಿಲ್ಲ.

60 ಗಂಟೆಯಲ್ಲಿ ಮುಖ್ಯ ಕಥೆ ಮುಗಿಸಿದ್ದೀರಿ ಎಂದರೆ ಬಣಗಳ ಕಥೆಗಳಲ್ಲಿ ಒಂದೆರಡಾದರೂ ಉಳಿದಿರಬೇಕು. ಯುಸಿ ವ್ಯಾನ್‌ಗಾರ್ಡ್, ಫ್ರೀಸ್ಟಾರ್ ರೇಂಜರ್ಸ್, ರ್‍ಯೂಜಿನ್, ಕ್ರಿಮ್ಸನ್ ಫ್ಲೀಟ್ ನಾಲ್ಕನ್ನೂ ಒಂದೇ ಪಾತ್ರದಲ್ಲಿ ಆಡಬಹುದು. ಮೊದಲು ಮುಗಿಸಬೇಕಾದ್ದು ವ್ಯಾನ್‌ಗಾರ್ಡ್. ನ್ಯೂ ಅಟ್ಲಾಂಟಿಸ್‌ನ ಮ್ಯಾಸ್ಟ್ ಕಟ್ಟಡದಲ್ಲಿ ಸೇರಿಕೊಳ್ಳಬೇಕು. ಈ ಲೋಕದ ಹಳೆಯ ಯುದ್ಧ ಯಾಕಾಯಿತು, ಯಾರು ಏನು ಮುಚ್ಚಿಟ್ಟರು ಎಂಬುದು ಅದರಲ್ಲಿ ಬಿಚ್ಚಿಕೊಳ್ಳುವಷ್ಟು ಮುಖ್ಯ ಕಥೆಯಲ್ಲೂ ಬಿಚ್ಚಿಕೊಳ್ಳುವುದಿಲ್ಲ. 2024ರ ಸೆಪ್ಟೆಂಬರ್ 30ರಂದು ಬಂದ ಶಾಟರ್ಡ್ ಸ್ಪೇಸ್ ಬೇರೆ ದುಡ್ಡು ಕೊಟ್ಟು ಕೊಳ್ಳಬೇಕಾದ ವಿಸ್ತರಣೆ. ಅದರ ಕಥೆ ಬಹುಪಾಲು ಒಂದೇ ಗ್ರಹದ, ಕೈಯಿಂದ ಮಾಡಿದ ನೆಲದ ಮೇಲೆ ನಡೆಯುತ್ತದೆ. ಅದೇ ಕಟ್ಟಡ ಎಂದು ಬೇಸತ್ತವರಿಗೆ ಹೊಂದುತ್ತದೆ. ಕೊಳ್ಳುವ ಅವಸರವಿಲ್ಲ, ಉಚಿತವಾಗಿ ಉಳಿದಿರುವುದು ಮೊದಲು ಮುಗಿಯಲಿ.

ಕೊರತೆಯನ್ನು ಸೆಟ್ಟಿಂಗ್‌ನಲ್ಲಿ ತರುವುದು

ಸೆಟ್ಟಿಂಗ್ಸ್‌ನ ಗೇಮ್‌ಪ್ಲೇ ವಿಭಾಗಕ್ಕೆ ಹೋಗಿ. ಕಷ್ಟ ಎಂಬ ಒಂದೇ ಆಯ್ಕೆಯಿದ್ದ ಕಡೆ ಈಗ ಬಿಡಿಬಿಡಿಯಾಗಿ ಹಲವು ಇವೆ. ಕಷ್ಟದ ಕಡೆಗೆ ತಿರುಗಿಸಿದರೆ ಅನುಭವದ ಅಂಕ ಸ್ವಲ್ಪ ಹೆಚ್ಚು ಸಿಗುತ್ತದೆ, ಸುಲಭ ಮಾಡಿಕೊಂಡರೆ ಕಡಿತವಾಗುತ್ತದೆ.

ಮೊದಲು ವ್ಯಾಪಾರಿಗಳ ಕೈಯಲ್ಲಿರುವ ಹಣವನ್ನು ಕಡಿಮೆಗೆ ಇಳಿಸಿ. ಹೊಡೆದುಕೊಂಡು ಬಂದ ಬಂದೂಕುಗಳನ್ನೆಲ್ಲ ಮಾರಿ ಸಾಹುಕಾರರಾಗುವ ದಾರಿ ಅಲ್ಲಿಗೆ ಮುಚ್ಚುತ್ತದೆ. ನಿಮ್ಮ ದುಡ್ಡಿನ ರಾಶಿಗೆ ಮೂಲವೇ ಅದು. ನೀವು ಹೊರಬಹುದಾದ ಭಾರವನ್ನೂ ಇಳಿಸಿ. ನೌಕೆಯ ಉಗ್ರಾಣವನ್ನು ದೂರದಿಂದ ತೆರೆಯುವ ಆಯ್ಕೆಯನ್ನು ಮೂಲದಲ್ಲಿದ್ದಂತೆ 250 ಮೀಟರಿಗೇ ಬಿಡಿ. ಆಗ ಯಾವುದನ್ನು ಎತ್ತಬೇಕು, ಯಾವುದನ್ನು ಬಿಡಬೇಕು ಎಂದು ಪ್ರತಿ ಸಲ ಯೋಚಿಸಬೇಕಾಗುತ್ತದೆ. ಮದ್ದು, ಗುಂಡು, ಒಂದೊಂದೇ ಇರುವ ಅಪರೂಪದ ವಸ್ತು ಇಷ್ಟನ್ನು ಮಾತ್ರ ಎತ್ತುವುದು ಒಳ್ಳೆಯ ನಿಯಮ.

ಅನ್ನ ನೀರಿನ ಆಯ್ಕೆಯನ್ನು ಆನ್ ಮಾಡಿ. ಅದು ಸಸ್ಟೆನೆನ್ಸ್ ಎಂಬ ಹೆಸರಿನಲ್ಲಿದೆ. ತಿಂದು ಕುಡಿದಿದ್ದರೆ ಮೈಗೆ ಅನುಕೂಲ, ಇಲ್ಲದಿದ್ದರೆ ತೊಂದರೆ. ಇಷ್ಟು ಸಣ್ಣ ಬದಲಾವಣೆಯಿಂದ ಅಲ್ಲಿಯವರೆಗೆ ಕಸದಂತೆ ಬಿದ್ದಿದ್ದ ಆಹಾರ, ಗ್ಯಾಸ್ಟ್ರೊನಮಿ ಸ್ಕಿಲ್, ಅಡುಗೆ ಒಲೆ ಎಲ್ಲಕ್ಕೂ ಅರ್ಥ ಬರುತ್ತದೆ. ಗಾಯ ಮತ್ತು ಕಾಯಿಲೆಯ ಪರಿಣಾಮವನ್ನೂ ಒಂದು ಹಂತ ಏರಿಸಿ. ಸುಟ್ಟ ಗಾಯಕ್ಕೆ, ಮೂಳೆ ಮುರಿತಕ್ಕೆ ಸರಿಯಾದ ಔಷಧ ಇಟ್ಟುಕೊಂಡು ಹೊರಡುವ ಅಭ್ಯಾಸ ಆಗ ಬರುತ್ತದೆ.

ಕಾಳಗದಲ್ಲಿ ಮಾತ್ರ ಎಚ್ಚರ ಬೇಕು. ಶತ್ರು ಕೊಡುವ ಪೆಟ್ಟು ಮತ್ತು ನೀವು ಕೊಡುವ ಪೆಟ್ಟು ಬೇರೆ ಬೇರೆ ಆಯ್ಕೆಗಳು. ಮೊದಲನೆಯದನ್ನು ಏರಿಸಿ, ಎರಡನೆಯದನ್ನು ಇಳಿಸಬೇಡಿ. ನಿಮ್ಮ ಪೆಟ್ಟು ಇಳಿಸಿದರೆ ಒಬ್ಬೊಬ್ಬ ದರೋಡೆಕೋರನಿಗೂ ಮ್ಯಾಗಜೀನ್‌ಗಟ್ಟಲೆ ಗುಂಡು ಹೊಡೆಯಬೇಕಾಗುತ್ತದೆ, ಅದು ಇನ್ನೊಂದು ಬಗೆಯ ಬೇಸರ. ಎರಡೂ ಕಡೆಯ ಪೆಟ್ಟು ಜೋರಾಗಿದ್ದರೆ ಕಾಳಗ ಬೇಗ ಮುಗಿಯುತ್ತದೆ, ಮರೆ ಹುಡುಕುವ ಬುದ್ಧಿಯೂ ಬರುತ್ತದೆ.

ಕೊನೆಯ ಕೊರತೆ ದೂರ. ಇದಕ್ಕೆ ಸೆಟ್ಟಿಂಗ್ ಇಲ್ಲ, ನೀವೇ ಕಟ್ಟುಪಾಡು ಹಾಕಿಕೊಳ್ಳಬೇಕು: ನಕ್ಷೆಯಿಂದ ನೇರವಾಗಿ ನೆಲಕ್ಕೆ ಹಾರುವುದಿಲ್ಲ. ನೌಕೆಗೆ ನಡೆದು ಹೋಗಿ, ಕಾಕ್‌ಪಿಟ್‌ನಲ್ಲಿ ಕೂತು, ಮೇಲೇರಿ. ಸ್ಕ್ಯಾನರ್ ತೆರೆದು ಮಿಷನ್‌ನ ಗುರುತಿನ ಕಡೆ ಮೂತಿ ತಿರುಗಿಸಿ, ಜಂಪ್ ಮಾಡಿಸುವ ಗ್ರಾವ್ ಡ್ರೈವ್‌ಗೆ ಪವರ್ ಕೊಟ್ಟು, ಅಲ್ಲಿಂದಲೇ ಜಂಪ್ ಮಾಡಿ. ನಕ್ಷೆಯ ಪರದೆಯನ್ನು ತೆರೆಯಬೇಕಾಗಿಯೇ ಇಲ್ಲ. ಪ್ರಯಾಣಕ್ಕೆ ಎರಡು ನಿಮಿಷ ಹೆಚ್ಚು ಹಿಡಿಯುತ್ತದೆ. ಆದರೆ ದಾರಿಯಲ್ಲಿ ಎದುರಾಗುವ ನೌಕೆಗಳು, ತೊಂದರೆಯಲ್ಲಿರುವವರ ಕರೆಗಳು, ಆಕಸ್ಮಿಕ ಭೇಟಿಗಳು ಕಕ್ಷೆಯಲ್ಲೇ ಇರುವುದರಿಂದ ನೇರವಾಗಿ ಹಾರಿದವರಿಗೆ ಅವು ಎಂದೂ ಸಿಗುವುದಿಲ್ಲ.

ಒಂದು ಕಸುಬು ಹಿಡಿಯುವುದು

ಇರುವ ಸೇವ್ ಹಾಗೇ ಇರಲಿ, ಹೊಸ ಪಾತ್ರವೊಂದನ್ನು ಶುರು ಮಾಡಿ ಎಂಬುದೇ ನನ್ನ ಸಲಹೆ. ಆಟ ಸೇವ್‌ಗಳನ್ನು ಪಾತ್ರದ ಪ್ರಕಾರ ಬೇರೆ ಬೇರೆ ಪಟ್ಟಿಯಲ್ಲಿ ಇಡುತ್ತದೆ, ಒಂದಕ್ಕೊಂದು ಬೆರೆಯುವುದಿಲ್ಲ. ಹಿನ್ನೆಲೆ ಆರಿಸುವಾಗ ಅದರ ಮೂರು ಸ್ಕಿಲ್‌ಗಳನ್ನೇ ಕಸುಬು ಎಂದು ತಿಳಿಯಿರಿ. ಬಾಣಸಿಗನೋ, ಸರಕು ಸಾಗಿಸುವವನೋ, ಜೀವಿಗಳ ಅಧ್ಯಯನ ಮಾಡುವವನೋ ಆಗಬಹುದು. ಪಾತ್ರದ ವಿಶೇಷ ಲಕ್ಷಣಗಳಾದ ಟ್ರೇಟ್‌ಗಳನ್ನು ಮೂರರವರೆಗೆ ಆರಿಸಬಹುದು, ಅವುಗಳಲ್ಲಿ ಒಂದಾದರೂ ಹೊರೆಯಾಗುವಂಥದಿರಲಿ. ಡ್ರೀಮ್ ಹೋಮ್ ಆರಿಸಿದರೆ ಮನೆಯ ಜೊತೆಗೆ 1,25,000 ಕ್ರೆಡಿಟ್ ಸಾಲ ತಲೆಯ ಮೇಲೆ ಬರುತ್ತದೆ. ವ್ಯಾಪಾರಿಗಳ ಹಣವನ್ನೂ ಇಳಿಸಿಟ್ಟಿದ್ದರೆ ಆ ಸಾಲ ತೀರಿಸುವುದೇ ತಿಂಗಳುಗಳ ಕಥೆ.

82 ಸ್ಕಿಲ್, ಒಂದೊಂದಕ್ಕೆ ನಾಲ್ಕು ಹಂತ, ಒಟ್ಟು 328 ಅಂಕ. ಎಲ್ಲವನ್ನೂ ತುಂಬಿಸಲು ಹೊರಟರೆ ಎಲ್ಲ ಪಾತ್ರಗಳೂ ಒಂದೇ ಆಗಿಬಿಡುತ್ತವೆ. ಹತ್ತು ಹನ್ನೆರಡು ಸ್ಕಿಲ್ ಆರಿಸಿ, ಉಳಿದವನ್ನು ಮುಟ್ಟಬೇಡಿ. ಬೀಗ ತೆರೆಯಲು ಬಾರದ ಪಾತ್ರಕ್ಕೆ ಬೀಗ ಹಾಕಿದ ಬಾಗಿಲು ನಿಜವಾದ ಬಾಗಿಲಾಗುತ್ತದೆ.

ವಾರಕ್ಕೆ ಎರಡೇ ಸಲ ಆಡುವ ನಿಮಗೆ ಸರ್ವೆ ಕೆಲಸ ಹೊಂದುತ್ತದೆ. ಒಂದು ಗ್ರಹ ಒಂದು ಸಂಜೆಗೆ ಮುಗಿಯುತ್ತದೆ, ಹಿಂದಿನ ವಾರದ ಕಥೆಯನ್ನು ನೆನಪಿಡಬೇಕಾಗಿಲ್ಲ. ಬಹಳ ಜನ ಇದನ್ನು ಅರ್ಧಕ್ಕೆ ಬಿಡುವುದು ಕ್ರಮ ಗೊತ್ತಿಲ್ಲದ್ದರಿಂದ, ಅದನ್ನು ಬಿಡಿಸಿ ಹೇಳುತ್ತೇನೆ.

ಮೊದಲು ಕಕ್ಷೆಯಿಂದಲೇ ಗ್ರಹವನ್ನು ಸ್ಕ್ಯಾನ್ ಮಾಡಿ. ಎಷ್ಟು ಬಗೆಯ ಖನಿಜ, ಪ್ರಾಣಿ, ಸಸ್ಯಗಳಿವೆ ಎಂಬ ಲೆಕ್ಕ ಬರುತ್ತದೆ. ಗ್ರಹದ ಮೇಲೆ ಬೇರೆ ಬೇರೆ ಕಡೆ ಒತ್ತಿದರೆ ಆ ಜಾಗದ ಬಯೋಮ್, ಅಂದರೆ ನೆಲದ ಬಗೆಯ ಹೆಸರು ಕಾಣುತ್ತದೆ. ಕಾಡು, ಮರುಭೂಮಿ, ಹಿಮ, ಗುಡ್ಡ ಎಂದು ಎಷ್ಟು ಬಗೆ ಇವೆಯೋ ಬರೆದುಕೊಳ್ಳಿ. ಪ್ರಾಣಿ, ಸಸ್ಯಗಳು ಬಯೋಮ್‌ಗೆ ಕಟ್ಟುಬಿದ್ದಿರುತ್ತವೆ. ಒಂದೇ ಕಡೆ ಎಷ್ಟು ಅಲೆದರೂ ಉಳಿದವು ಸಿಗುವುದಿಲ್ಲ. ಇಳಿದ ಮೇಲೆ ಸ್ಕ್ಯಾನರ್ ತೆರೆದರೆ ಇನ್ನೂ ಮುಗಿಯದ ಜೀವಿ ನೀಲಿಯಾಗಿ, ಮುಗಿದದ್ದು ಹಸಿರಾಗಿ ಹೊಳೆಯುತ್ತದೆ. ಸಂಬಂಧಪಟ್ಟ ಸ್ಕಿಲ್ ಇಲ್ಲದಿದ್ದರೆ ಒಂದು ಜಾತಿಗೆ ಸಾಮಾನ್ಯವಾಗಿ ಎಂಟು ಸಲ ಸ್ಕ್ಯಾನ್ ಬೇಕು. ಝೂವಾಲಜಿ, ಬಾಟನಿ ಸ್ಕಿಲ್ ಏರಿಸಿದರೆ ಇದು ಇಳಿಯುತ್ತದೆ, ಸರ್ವೇಯಿಂಗ್ ಏರಿಸಿದರೆ ದೂರದಿಂದಲೇ ಹಿಡಿಯುತ್ತದೆ. ಮೇಲೆ ಬೀಳುವ ಪ್ರಾಣಿಯಾದರೆ ಕೊಂದ ಮೇಲೂ ಸ್ಕ್ಯಾನ್ ಮಾಡಬಹುದು.

ಬಹಳ ಸಲ ಎಲ್ಲ ಬಯೋಮ್ ಸುತ್ತಿದ ಮೇಲೂ ಪ್ರಾಣಿಗಳ ಪಟ್ಟಿಯಲ್ಲಿ ಒಂದು ಬಾಕಿ ಉಳಿಯುತ್ತದೆ. ಅದು ನೀರಿನದು. ನೆಲ ಮತ್ತು ಸಮುದ್ರ ಸೇರುವ ಗೆರೆಯ ಮೇಲೆ ಆದಷ್ಟು ಹತ್ತಿರಕ್ಕೆ ಹಿಗ್ಗಿಸಿ ಒತ್ತಿ, ಬಯೋಮ್ ಹೆಸರಿನ ಜೊತೆ ಕರಾವಳಿ ಎಂದು ಬಂದ ಜಾಗದಲ್ಲಿ ಇಳಿಯಿರಿ. ದಡದಲ್ಲಿ ನಿಂತು ನೀರಿನ ಮೇಲೆ ಸ್ಕ್ಯಾನರ್ ಹಿಡಿದರೆ ಮೀನುಗಳು ಕಾಣುತ್ತವೆ. ಇದು ಗೊತ್ತಿಲ್ಲದೆ ಗಂಟೆಗಟ್ಟಲೆ ಮರುಭೂಮಿ ಅಲೆದವರು ಬಹಳ. ಗ್ರಹದ ವಿಶೇಷ ಲಕ್ಷಣಗಳು, ಅಂದರೆ ಗ್ರಹದ ಟ್ರೇಟ್‌ಗಳು, ಅಪರಿಚಿತ ಗುರುತಿರುವ ನೈಸರ್ಗಿಕ ಜಾಗಗಳಲ್ಲಿ ಸಿಗುತ್ತವೆ. 2024ರ ಆಗಸ್ಟ್‌ನಲ್ಲಿ ಉಚಿತವಾಗಿ ಬಂದ ರೆವ್-8 ಗಾಡಿ ಇದ್ದರೆ ಅಷ್ಟು ದೂರ ಓಡಾಡುವುದು ಕಷ್ಟವಲ್ಲ. ಅದನ್ನು ನೌಕಾನಿಲ್ದಾಣದ ಶಿಪ್ ಟೆಕ್ನಿಷಿಯನ್ ಹತ್ತಿರ ಕೊಳ್ಳಬೇಕು.

ಸರ್ವೆ ನೂರಕ್ಕೆ ನೂರು ಮುಗಿದರೆ ಗ್ರಹದ ಮಾಹಿತಿ ಒಂದು ವಸ್ತುವಾಗಿ ಕೈಗೆ ಬರುತ್ತದೆ. ಅಂಗಡಿಯಲ್ಲಿ ಮಾರಬೇಡಿ. ಜೆಮಿಸನ್ ಕಕ್ಷೆಯಲ್ಲಿರುವ ದಿ ಐ ನಿಲ್ದಾಣದ ವ್ಲಾಡಿಮಿರ್ ಹೆಚ್ಚು ಬೆಲೆ ಕೊಡುತ್ತಾನೆ. ವ್ಯಾಪಾರಿಗಳ ಹಣ ಇಳಿಸಿದ ಆಟದಲ್ಲಿ ಇದು ಮರ್ಯಾದೆಯ ಸಂಪಾದನೆ.

ಜೊತೆಗೊಂದು ನೋಟ್‌ಪುಸ್ತಕ ಇಡಿ. ಮಿಷನ್ ಪಟ್ಟಿಯಲ್ಲಿ ಆಟದ ಗುರಿಗಳಿರುತ್ತವೆಯೇ ಹೊರತು ನಿಮ್ಮವಿರುವುದಿಲ್ಲ. ಭಾನುವಾರ ಆಟ ಮುಗಿಸುವಾಗ ನೌಕೆಯ ಹಾಸಿಗೆಯ ಹತ್ತಿರ ನಿಂತು ಸೇವ್ ಮಾಡಿ, ಎಲ್ಲಿದ್ದೇನೆ, ಮುಂದೆ ಎಲ್ಲಿಗೆ, ಏಕೆ ಎಂದು ಮೂರು ಸಾಲು ಬರೆದಿಡಿ. ಆರು ದಿನದ ನಂತರ ಮತ್ತೆ ಕೂತಾಗ ಮೊದಲ ಅರ್ಧ ಗಂಟೆ ತಡಕಾಟದಲ್ಲಿ ಹೋಗುವುದಿಲ್ಲ.

ದುಡ್ಡಿಗೆ ದಾರಿ ನೌಕೆ

ಹಳೆಯ ಪಾತ್ರದಲ್ಲೇ ಮುಂದುವರಿಯುತ್ತೀರಾದರೆ ಆ ರಾಶಿ ದುಡ್ಡನ್ನು ನೌಕೆ ಕಟ್ಟುವುದಕ್ಕೆ ಹಾಕಿ. ತಯಾರಾದ ನೌಕೆ ಕೊಳ್ಳಬೇಡಿ. ಬೇರೆ ಬೇರೆ ಕಂಪನಿಗಳ ಭಾಗಗಳು ಬೇರೆ ಬೇರೆ ಕಡೆ ಸಿಗುತ್ತವೆ: ಹೋಪ್‌ಟೆಕ್‌ನದಕ್ಕೆ ವ್ಯಾಲೋ ಮಂಡಲದ ಹೋಪ್‌ಟೌನ್, ತಾಯ್ಯೋಗೆ ನಿಯಾನ್, ಡೀಮೋಸ್‌ಗೆ ಮಂಗಳದ ಉಪಗ್ರಹದ ಸುತ್ತಲಿನ ಸ್ಟಾರ್‌ಯಾರ್ಡ್. ಔಟ್‌ಪೋಸ್ಟ್‌ನಲ್ಲಿ ಶಿಪ್ ಬಿಲ್ಡರ್ ಇರುವ ಲ್ಯಾಂಡಿಂಗ್ ಪ್ಯಾಡ್ ಹಾಕಿಕೊಂಡರೆ ಬಹುತೇಕ ಎಲ್ಲ ಕಂಪನಿಯ ಭಾಗಗಳೂ ಅಲ್ಲೇ ಸಿಗುತ್ತವೆ.

ಪೈಲಟಿಂಗ್ ಮೂರನೇ ಹಂತಕ್ಕೆ ಬಂದರೆ ಬಿ ದರ್ಜೆ, ನಾಲ್ಕಕ್ಕೆ ಸಿ ದರ್ಜೆಯ ನೌಕೆ ಓಡಿಸಬಹುದು. ಹಂತ ಏರಲು ಕ್ರಮವಾಗಿ 5, 15, 30 ನೌಕೆಗಳನ್ನು ಹೊಡೆದುರುಳಿಸಬೇಕು. ವ್ಯಾನ್‌ಗಾರ್ಡ್‌ನ ಪರೀಕ್ಷಾ ಸಿಮ್ಯುಲೇಟರ್‌ನಲ್ಲಿ ಉರುಳಿಸಿದವೂ ಲೆಕ್ಕಕ್ಕೆ ಸೇರುತ್ತವೆ. ನೌಕೆಯ ದರ್ಜೆಯನ್ನು ನಿರ್ಧರಿಸುವುದು ರಿಯಾಕ್ಟರ್, ಅದಕ್ಕಿಂತ ಮೇಲಿನ ದರ್ಜೆಯ ಆಯುಧ, ಶೀಲ್ಡ್ ಕೂರುವುದಿಲ್ಲ. ತಪ್ಪು ತೋರಿಸಿ ಆಟ ನಿಲ್ಲಿಸಿದರೆ ಮೊದಲು ಮೂರು ನೋಡಿ: ಹತ್ತಿ ಇಳಿಯುವ ಲ್ಯಾಂಡಿಂಗ್ ಬೇ ತೀರಾ ಕೆಳಗಿರಬೇಕು, ಬೇರೆ ನೌಕೆಗೆ ಜೋಡಿಸಿಕೊಳ್ಳುವ ಡಾಕರ್ ಯಾವುದಾದರೊಂದು ಹೊರ ಅಂಚಿನಲ್ಲಿ ಅಡ್ಡಿಯಿಲ್ಲದೆ ಚಾಚಿರಬೇಕು, ತೂಕಕ್ಕೆ ತಕ್ಕಷ್ಟು ಲ್ಯಾಂಡಿಂಗ್ ಗೇರ್ ಇರಬೇಕು. ತೂಕ ಏರಿದಂತೆ ತಿರುಗುವ ಚುರುಕು, ಅಂದರೆ ಮೊಬಿಲಿಟಿ, ಇಳಿಯುತ್ತದೆ, ಇಂಜಿನ್ ಸೇರಿಸಿ ಸರಿದೂಗಿಸಿ. ಇನ್ನೊಂದು ಮಾತು: ಕೋಣೆಗಳನ್ನು ಅಲಂಕರಿಸುವುದು ಕಟ್ಟೋಣ ಪೂರ್ತಿಯಾದ ಮೇಲೆ. ನೌಕೆಯ ವಿನ್ಯಾಸ ಬದಲಿಸಿದರೆ ನೀವು ಜೋಡಿಸಿಟ್ಟ ಬಿಡಿ ವಸ್ತುಗಳೆಲ್ಲ ಉಗ್ರಾಣಕ್ಕೆ ಹೋಗಿ ಬೀಳುತ್ತವೆ.

ಔಟ್‌ಪೋಸ್ಟ್ ಏಕೆ ನಿಂತುಹೋಯಿತು

ನಿಮ್ಮ ಸಾಗಣೆ ನಿಂತದ್ದು ಬಹುಪಾಲು ಬೆರಕೆಯಿಂದ. ಔಟ್‌ಪೋಸ್ಟ್‌ಗಳ ನಡುವೆ ಸರಕು ಸಾಗಿಸುವ ಕಾರ್ಗೋ ಲಿಂಕ್‌ಗೆ ಎರಡು ಪೆಟ್ಟಿಗೆ, ಒಂದು ಹೋಗುವ ಸರಕಿಗೆ, ಇನ್ನೊಂದು ಬರುವ ಸರಕಿಗೆ. ಒಂದೇ ಲಿಂಕ್‌ನಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಎರಡನ್ನೂ ಕಳಿಸಿದರೆ ಬೇಗ ಬೇಗ ಅಗೆಯುವ ಕಬ್ಬಿಣ ಬರುವ ಪೆಟ್ಟಿಗೆಯನ್ನು ಪೂರ್ತಿ ತುಂಬುತ್ತದೆ. ಅಡಾಪ್ಟಿವ್ ಫ್ರೇಮ್ ಎಂಬ ಬಿಡಿಭಾಗ ಮಾಡಲು ಎರಡೂ ಒಂದೊಂದು ಬೇಕು. ಅಲ್ಯೂಮಿನಿಯಂಗೆ ಪೆಟ್ಟಿಗೆಯಲ್ಲಿ ಜಾಗವಿಲ್ಲ, ಹಾಗಾಗಿ ಫ್ರೇಮ್ ತಯಾರಿಸುವ ಯಂತ್ರ, ಅಂದರೆ ಫ್ಯಾಬ್ರಿಕೇಟರ್, ನಿಲ್ಲುತ್ತದೆ. ಅದು ನಿಂತದ್ದರಿಂದ ಕಬ್ಬಿಣವೂ ಖರ್ಚಾಗುವುದಿಲ್ಲ. ನಿಮ್ಮ ಕಡೆಯ ಆಲೆಮನೆಯಲ್ಲಿ ಕೊಪ್ಪರಿಗೆ ಖಾಲಿಯಾಗದೆ ಗಾಣ ಓಡಿಸಿದರೆ ಕಬ್ಬಿನ ಹಾಲು ಹಿಡಿಯಲು ಜಾಗವಿಲ್ಲದೆ ಕೆಲಸವೆಲ್ಲ ಕಟ್ಟಿಕೊಳ್ಳುತ್ತದಲ್ಲ, ಹಾಗೆಯೇ ಇದು.

ಒಂದು ಲಿಂಕ್‌ಗೆ ಒಂದೇ ಸರಕು ಎಂದು ಇಟ್ಟುಕೊಂಡರೆ ತೊಂದರೆ ಬಹುಮಟ್ಟಿಗೆ ತೀರುತ್ತದೆ. ಬರುವ ಪೆಟ್ಟಿಗೆಯಿಂದ ಸಂಗ್ರಹಕ್ಕೆ, ಸಂಗ್ರಹದಿಂದ ಫ್ಯಾಬ್ರಿಕೇಟರ್‌ಗೆ ಕೊಂಡಿ ಎಳೆಯಿರಿ. ಪೆಟ್ಟಿಗೆಯಿಂದ ನೇರವಾಗಿ ಯಂತ್ರಕ್ಕೆ ಎಳೆದರೆ ತುಂಬಿದಾಗ ಹರಿದುಹೋಗಲು ಜಾಗ ಇರುವುದಿಲ್ಲ. ಗಟ್ಟಿ ಖನಿಜ, ಅನಿಲ, ದ್ರವ, ತಯಾರಾದ ವಸ್ತು ನಾಲ್ಕಕ್ಕೂ ಬೇರೆ ಬೇರೆ ಸಂಗ್ರಹ. ಫ್ರೇಮ್‌ಗಳನ್ನು ಗಟ್ಟಿ ಖನಿಜದ ಪೆಟ್ಟಿಗೆಗೆ ಜೋಡಿಸಿ ಕಾದವರಿದ್ದಾರೆ, ಅವು ವೇರ್‌ಹೌಸ್‌ಗೇ ಹೋಗಬೇಕು. ಎರಡು ನಕ್ಷತ್ರ ಮಂಡಲಗಳ ನಡುವಿನ ಲಿಂಕ್‌ಗೆ ಹೀಲಿಯಂ-3 ಇಂಧನ ಬೇಕು, ಒಂದೇ ಮಂಡಲದ ಒಳಗಿನದಕ್ಕೆ ಬೇಡ. ಮೊದಲ ಸಲ ಒಂದೇ ಮಂಡಲದೊಳಗೆ ಕಟ್ಟಿ ಕಲಿಯಿರಿ. ಕರೆಂಟ್ ಲೆಕ್ಕವನ್ನೂ ನೋಡಿ, ಉತ್ಪಾದನೆಗಿಂತ ಬಳಕೆ ಹೆಚ್ಚಾದರೆ ಯಂತ್ರಗಳು ನಿಲ್ಲುತ್ತವೆ.

ಜಾಗದ ಆಯ್ಕೆಯಿಂದ ಲಿಂಕ್‌ಗಳನ್ನೇ ಉಳಿಸಬಹುದು. ಬೆಸೆಲ್ 3-ಬಿ ಉಪಗ್ರಹದಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಎರಡೂ ಇವೆ. ಗ್ರಹದ ನಕ್ಷೆಯಲ್ಲಿ ಖನಿಜಗಳ ಬಣ್ಣ ಹಾಕಿಕೊಂಡು ಎರಡು ಬಯೋಮ್ ಸೇರುವ ಗಡಿಯಲ್ಲಿ ಇಳಿದು, ಸ್ಕ್ಯಾನರ್‌ನಲ್ಲಿ ನೆಲದ ಪಟ್ಟೆಗಳನ್ನು ನೋಡುತ್ತಾ ಎರಡೂ ವೃತ್ತದೊಳಗೆ ಬರುವಂತೆ ಔಟ್‌ಪೋಸ್ಟ್ ಶುರು ಮಾಡುವ ಬೀಕನ್ ಇಡಿ. ಆದರೆ ಅಲ್ಲೇ ನಿಂತು ಸಾವಿರಾರು ಫ್ರೇಮ್ ಮಾಡಿ ಲೆವೆಲ್ ಏರಿಸುವ ಚಾಳಿಗೆ ಬೀಳಬೇಡಿ. ಒಂದು ವಾರಾಂತ್ಯದಲ್ಲಿ ಪಾತ್ರ ಬಲವಾಗುತ್ತದೆ, ಮುಂದಿನ ವಾರಾಂತ್ಯಕ್ಕೆ ಆಡಲು ಏನೂ ಉಳಿಯುವುದಿಲ್ಲ. ಶುರುವಿನಲ್ಲಿ 8 ಔಟ್‌ಪೋಸ್ಟ್, ಪ್ಲಾನೆಟರಿ ಹ್ಯಾಬಿಟೇಶನ್ ಪೂರ್ತಿ ಏರಿಸಿದರೆ 24. ಎರಡೋ ಮೂರೋ ಚೆನ್ನಾಗಿ ಓಡುತ್ತಿದ್ದರೆ ಸಾಕು.

ಯೂನಿಟಿ ಯಾವಾಗ

ಯೂನಿಟಿ ದಾಟಿದರೆ ಇನ್ನೊಂದು ಲೋಕದಲ್ಲಿ ಕಥೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಲೆವೆಲ್, ಸ್ಕಿಲ್, ವಿಶೇಷ ಶಕ್ತಿಗಳಾದ ಪವರ್‌ಗಳು ಉಳಿಯುತ್ತವೆ. ನೌಕೆ, ದುಡ್ಡು, ಮನೆ, ಔಟ್‌ಪೋಸ್ಟ್, ಬಂದೂಕು, ಸ್ನೇಹ, ಮದುವೆ ಎಲ್ಲ ಹೋಗುತ್ತವೆ. ಹಾಗಾಗಿ ನೌಕೆ ಮತ್ತು ಔಟ್‌ಪೋಸ್ಟ್ ಪ್ರೀತಿಸುವವರು ದಾಟಬಾರದು, ಕಥೆಯ ಬೇರೆ ಆಯ್ಕೆಗಳನ್ನು ನೋಡಬೇಕೆನ್ನುವವರು ದಾಟಬಹುದು. ಹೊಸ ಲೋಕದಲ್ಲಿ ಸ್ಟಾರ್‌ಬಾರ್ನ್, ಅಂದರೆ ಯೂನಿಟಿ ದಾಟಿ ಬಂದವರು, ಎಂದು ಹೇಳಿಕೊಂಡರೆ ಮುಖ್ಯ ಕಥೆಯನ್ನು ಹಾರಿಸಿ ನೇರವಾಗಿ ಆ ಕಥೆಯ ನಿಗೂಢ ತುಂಡುಗಳಾದ ಆರ್ಟಿಫ್ಯಾಕ್ಟ್ ಹುಡುಕುವ ದಾರಿ ಸಿಗುತ್ತದೆ. ಕೆಲವು ಲೋಕಗಳು ಮೊದಲ ಬಾಗಿಲಲ್ಲೇ ಬೆರಗು ಹುಟ್ಟಿಸುವಷ್ಟು ಬೇರೆಯಾಗಿರುತ್ತವೆ, ಅವನ್ನು ಇಲ್ಲಿ ಹೇಳಿ ಕೆಡಿಸುವುದಿಲ್ಲ.

ಬಹಳ ಜನ ಈ ಹಂತದಲ್ಲೇ ಆಟ ಬಿಡುತ್ತಾರೆ. ಪವರ್‌ಗಳು 24, ಒಂದೊಂದೂ ಹತ್ತನೇ ಹಂತದವರೆಗೆ ಏರುತ್ತದೆ, ಎಲ್ಲವನ್ನೂ ತುದಿ ಮುಟ್ಟಿಸಲು ಹತ್ತು ಲೋಕಗಳಲ್ಲಿ ಪವರ್ ಕೊಡುವ 240 ದೇಗುಲ ಹೊಗಬೇಕು. ಪ್ರತಿ ದೇಗುಲದಲ್ಲೂ ತೇಲುತ್ತಾ ಬೆಳಕಿನ ಚುಕ್ಕಿ ಹಿಡಿಯುವ ಅದೇ ಆಟ. ಆ ಪಟ್ಟಿ ಹಿಡಿಯಬೇಡಿ. ನಿಮ್ಮ ಪಾತ್ರಕ್ಕೆ ಬೇಕಾದ ಎರಡು ಮೂರು ಪವರ್ ಆರಿಸಿಕೊಂಡು ಉಳಿದ ದೇಗುಲಗಳ ಕಡೆ ತಿರುಗಿ ನೋಡಬೇಡಿ. ದಾಟುವ ಮೊದಲು ಹೆಸರಿಟ್ಟು ಒಂದು ಸೇವ್ ಮಾಡಿ. ಒಳಗೆ ಹೋದ ಮೇಲೂ ಮನಸ್ಸು ಬದಲಾದರೆ ವಾಪಸ್ ಬರುವ ಆಯ್ಕೆ ಇದೆ.

ಮಾಡ್‌ಗಳ ವಿಷಯ ಚಿಕ್ಕದು. ಸೆಟ್ಟಿಂಗ್ ಬದಲಿಸಿ, ಒಂದು ಕಸುಬು ಹಿಡಿದು ಒಂದು ತಿಂಗಳು ಆಡಿದ ಮೇಲೆ ಏನು ಕಡಿಮೆ ಅನಿಸುತ್ತದೋ ಅದಕ್ಕೆ ಮಾತ್ರ ಹಾಕಿ. 2024ರ ಜೂನ್‌ನಿಂದ ಮುಖ್ಯ ಮೆನುವಿನ ಕ್ರಿಯೇಷನ್ಸ್‌ನಲ್ಲೇ ಸಿಗುತ್ತವೆ, ಉಚಿತವಾದವೂ ಬಹಳ. ಮೊದಲು ಹಾಕಬೇಕಾದ್ದು ದೋಷಗಳನ್ನು ತಿದ್ದುವ ಸ್ಟಾರ್‌ಫೀಲ್ಡ್ ಕಮ್ಯೂನಿಟಿ ಪ್ಯಾಚ್. ಒಂದೊಂದನ್ನೇ ಸೇರಿಸಿ, ಅರ್ಧ ಗಂಟೆ ಆಡಿ, ಆಮೇಲೆ ಇನ್ನೊಂದು. ಸ್ಕ್ರಿಪ್ಟ್ ಇರುವ ಮಾಡ್ ಅನ್ನು ಆಟದ ನಡುವೆ ತೆಗೆದರೆ ಅದರ ಉಳಿಕೆ ಸೇವ್‌ನಲ್ಲಿ ಇದ್ದು ಮುಂದೆ ಕಾಡುತ್ತದೆ, ಹಾಗಾಗಿ ತೆಗೆಯುವುದಾದರೆ ಅದನ್ನು ಹಾಕುವ ಮೊದಲಿನ ಸೇವ್‌ಗೇ ಹಿಂದಿರುಗಿ. ಹೊರಗಿನಿಂದ ಬೇರೆಯಾಗಿ ಹಾಕಬೇಕಾದ ಸ್ಕ್ರಿಪ್ಟ್ ಎಕ್ಸ್‌ಟೆಂಡರ್ ಬೇಡುವ ಮಾಡ್‌ಗಳು ಆಟದ ಪ್ರತಿ ಅಪ್‌ಡೇಟ್‌ಗೂ ಕೆಲಸ ನಿಲ್ಲಿಸಬಹುದು. ವಾರಾಂತ್ಯ ಮಾತ್ರ ಸಿಗುವವರಿಗೆ ಅವು ಬೇಡ. ಸಾಧನೆಗಳ ಪದಕ ಬೇಕಿದ್ದರೆ ಅದಕ್ಕೆ ಅಡ್ಡಿಯಾಗದು ಎಂದು ಗುರುತು ಹಾಕಿದ ಕ್ರಿಯೇಷನ್‌ಗಳನ್ನೇ ಆರಿಸಿ.

ಕಂಪ್ಯೂಟರ್ ಮತ್ತು ಕರೆಂಟ್

ನ್ಯೂ ಅಟ್ಲಾಂಟಿಸ್‌ನಲ್ಲಿ ತಡವರಿಸುವುದು ಗ್ರಾಫಿಕ್ಸ್ ಕಾರ್ಡ್‌ನಿಂದಲ್ಲ. ಅಲ್ಲಿ ಜನಸಂದಣಿಯ ಹೊರೆ ಪ್ರೊಸೆಸರ್ ಮೇಲೆ ಬೀಳುತ್ತದೆ, ರೆಸಲ್ಯೂಷನ್ ಇಳಿಸಿದರೂ ವ್ಯತ್ಯಾಸ ಕಾಣದು. ಕ್ರೌಡ್ ಡೆನ್ಸಿಟಿಯನ್ನು ಲೋ ಮಾಡಿ, ಶ್ಯಾಡೋ ಮತ್ತು ವಾಲ್ಯೂಮೆಟ್ರಿಕ್ ಲೈಟಿಂಗ್ ಅನ್ನು ಮೀಡಿಯಂಗೆ ತನ್ನಿ, ಕಡಿಮೆ ರೆಸಲ್ಯೂಷನ್‌ನ ಚಿತ್ರವನ್ನು ಹಿಗ್ಗಿಸಿ ತೋರಿಸುವ ಡಿಎಲ್‌ಎಸ್‌ಎಸ್ ಅನ್ನು ಕ್ವಾಲಿಟಿಯಲ್ಲಿ ಇಡಿ. ಆಮೇಲೆ ಪೆಟ್ಟಿಗೆ ತೆರೆದು ರ್‍ಯಾಮ್ ನೋಡಿ. 16 ಜಿಬಿಯ ಒಂದೇ ಪಟ್ಟಿ ಇದ್ದರೆ ರೈಜೆನ್‌ಗೆ ಅರ್ಧ ದಾರಿ ಮುಚ್ಚಿದಂತೆ, ಅದೇ ವೇಗದ ಇನ್ನೊಂದು ಪಟ್ಟಿ ಸೇರಿಸಿ. 8 ಜಿಬಿಯ ಎರಡಿದ್ದರೆ ಬಯಾಸ್‌ನಲ್ಲಿ ರ್‍ಯಾಮ್ ಅನ್ನು ಅದರ ಪೂರ್ತಿ ವೇಗಕ್ಕೆ ತರುವ ಎಕ್ಸ್‌ಎಂಪಿ ಆನ್ ಆಗಿದೆಯೇ ನೋಡಿ. 16 ಜಿಬಿ ಈ ಆಟದ ಕನಿಷ್ಠ ಅಗತ್ಯ, ಬ್ರೌಸರ್ ತೆರೆದಿಟ್ಟು ಆಡಬೇಡಿ. ಮಾರ್ಚ್, ಏಪ್ರಿಲ್‌ನ ಸೆಕೆಯಲ್ಲಿ ತಡವರಿಕೆ ಹೆಚ್ಚಾದರೆ ಫ್ಯಾನ್ ಜಾಲರಿಯ ಧೂಳು ತೆಗೆಯಿರಿ.

ಆಟಕ್ಕೆ 125 ಜಿಬಿ ಜಾಗ ಬೇಕು, ಅದೂ ಎಸ್‌ಎಸ್‌ಡಿಯಲ್ಲೇ. ಹಾರ್ಡ್ ಡಿಸ್ಕ್‌ಗೆ ಹಾಕಿದರೆ ಮಾತಿನ ನಡುವೆಯೇ ನಿಂತು ನಿಂತು ಬರುತ್ತದೆ. 512ರಲ್ಲಿ ವಿಂಡೋಸ್, ಆಟ, ವಿಸ್ತರಣೆ ಸೇರಿದ ಮೇಲೂ 80 ಜಿಬಿಯಾದರೂ ಖಾಲಿ ಬಿಡಿ. ಆಟವನ್ನು ತೆಗೆದುಹಾಕಿ ಮತ್ತೆ ಇಳಿಸಿಕೊಳ್ಳುವ ಯೋಚನೆ ಇದ್ದರೆ, 40 ಎಂಬಿಪಿಎಸ್ ಲೈನ್‌ನಲ್ಲಿ ಅದಕ್ಕೆ ಸುಮಾರು 7 ಗಂಟೆ, 100ರಲ್ಲಿ ಮೂರು ಗಂಟೆಯ ಹತ್ತಿರ ಬೇಕು. ಶುಕ್ರವಾರ ರಾತ್ರಿ ಹಾಕಿ ಮಲಗಿದರೆ ಶನಿವಾರಕ್ಕೆ ಸಿದ್ಧ.

ಸೇವ್ ಕೆಟ್ಟದ್ದು ಬರೆಯುತ್ತಿರುವಾಗಲೇ ಕರೆಂಟ್ ಹೋದದ್ದರಿಂದ. ನಿಮ್ಮ ಕಂಪ್ಯೂಟರ್, ಮಾನಿಟರ್ ಸೇರಿ ಆಟದ ಹೊತ್ತಿನಲ್ಲಿ ಸುಮಾರು 300 ವ್ಯಾಟ್ ಎಳೆಯುತ್ತದೆ. 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್‌ವರೆಗೆ ಮಾತ್ರ ತಾಳುವುದರಿಂದ ಅದು ಬಿಗಿಯಾಗುತ್ತದೆ, 1 ಕೆವಿಎ ತೆಗೆದುಕೊಳ್ಳಿ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದರ ಹಿಂದೆ ಅಥವಾ ಮುಂದೆ ಯುಪಿಎಸ್ ಮೋಡ್ ಎಂಬ ಗುಂಡಿ ಇದೆಯೇ ನೋಡಿ. ಸಾಮಾನ್ಯ ಮೋಡ್‌ನಲ್ಲಿ ಬದಲಾಗುವಷ್ಟರಲ್ಲಿ ಕಂಪ್ಯೂಟರ್ ಆಫ್ ಆಗಿಬಿಡುತ್ತದೆ. ಆಟದೊಳಗೆ ಪ್ರಯಾಣ, ನಿದ್ರೆ, ಕಾಯುವಿಕೆ ಮೂರಕ್ಕೂ ಆಟೋಸೇವ್ ಆನ್ ಇರಲಿ, ಆದರೆ ಅದನ್ನೇ ನೆಚ್ಚಬೇಡಿ. ಆಟೋಸೇವ್, ಎಫ್5 ಒತ್ತಿದ ಕ್ವಿಕ್‌ಸೇವ್ ಎರಡೂ ಹಳೆಯದರ ಮೇಲೇ ಬರೆಯುತ್ತವೆ. ಗಂಟೆಗೊಮ್ಮೆ ಮೆನುವಿನಿಂದ ಹೊಸ ಸೇವ್ ಮಾಡಿ. ಸ್ಟೀಮ್‌ನಲ್ಲಿ ಆಡುವುದಾದರೆ ಡಾಕ್ಯುಮೆಂಟ್ಸ್ ಒಳಗೆ ಮೈ ಗೇಮ್ಸ್, ಅದರೊಳಗೆ ಸ್ಟಾರ್‌ಫೀಲ್ಡ್, ಅದರೊಳಗೆ ಸೇವ್ಸ್ ಎಂಬ ಫೋಲ್ಡರ್ ಇದೆ. ಭಾನುವಾರ ಆಟ ಮುಗಿಸಿದ ಮೇಲೆ ಅದನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡಿಟ್ಟುಕೊಳ್ಳಿ.